ಮಾವನ ಆರು ಎಕರೆ ಡ್ಯಾಮು

ಹೋದ ತಿಂಗಳು ಕೋಥರೂಡಿನ ಒಂದು ಸಣ್ಣ ಸಭಾಂಗಣದಲ್ಲಿ, ನಾವು ಪುಣೆ ಕನ್ನಡಿಗರು ಆಗಾಗ ಸೇರುವ ಭಾನುವಾರದ ಕೂಟದಲ್ಲಿ, ಒಂದು ಗಂಟೆ ಮಾತಾಡಿದೆ. ವಾಟ್ಸಾಪಿನಲ್ಲಿ ಕಳಿಸಿದ ಕಾರ್ಡಿನಲ್ಲಿ ವಿಷಯ ಅಂತ ಹಾಕಿದ್ದು 'ನದಿ ಕಣಿವೆಯ ಊರು-ಹೊಲಗಳಿಗೆ ಪ್ರವಾಹ ನಿಯಂತ್ರಣ ಯೋಜನೆ'. ಹೆಸರು ನೋಡಿಯೇ ಅರ್ಧ ಜನ ಮನೆಯಲ್ಲಿ ಉಳಿದರು ಅಂತ ಕಾಣುತ್ತದೆ. ಬಂದವರಲ್ಲಿ ಕೆಲವರು ಬರೆದುಕೊಡಿ ಅಂದರು. ಬಾಯಲ್ಲಿ ಹೇಳುವಾಗ ತಪ್ಪಿದ ಒಂದೆರಡು ಲೆಕ್ಕ ಸರಿಮಾಡಿ, ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನೀರಾವರಿ ಎಂಜಿನಿಯರ್ ಅಲ್ಲ. ಸರ್ವೇಯರ್. ಮೂವತ್ತು ವರ್ಷ ರಸ್ತೆ, ಕಾಲುವೆ, ಪೈಪ್‌ಲೈನ್ ಅಂತ ಲೆವೆಲ್ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತವನು. ಹಾಗಾಗಿ ನನಗೆ ಪ್ರವಾಹ ಅಂದರೆ ಮೊದಲು ಹೊಳೆಯೋದು ಎತ್ತರ-ತಗ್ಗು. ಮಳೆ, ಮೋಡ, ಹವಾಮಾನ ಎಲ್ಲ ಆಮೇಲೆ. ಇನ್ನೊಂದು ಸಂಬಂಧವೂ ಇದೆ. ನನ್ನ ಅಮ್ಮನ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯಲ್ಲಿ. ಸೋದರಮಾವನಿಗೆ ಅಲ್ಲಿ ಹೊಳೆಗೆ ಹತ್ತಿಕೊಂಡೇ ಆರು ಎಕರೆ ಎರೆ ಭೂಮಿ ಇದೆ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ.

ನಿಮ್ಮಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಎಷ್ಟು ಜನ ಅಂತ ಕೇಳಿದೆ. ಸುಮಾರು ಕೈ ಮೇಲೆದ್ದವು. ಹಾಗಾದರೆ ಒಂದು ಮಾತು ನೆನಪಿಡಿ ಅಂದೆ. ಇಲ್ಲಿ ಸಿಂಹಗಡ ರಸ್ತೆಯ ಪಕ್ಕ ಹರಿಯುವ ಮುಠಾ ಸಂಗಮದಲ್ಲಿ ಮುಳಾಗೆ ಸೇರಿ, ಎರಡೂ ಕೂಡಿ ಭೀಮೆಗೆ ಸೇರುತ್ತವೆ. ಭೀಮಾಶಂಕರದಲ್ಲಿ ಹುಟ್ಟಿ ಬಂದ ಭೀಮೆ ಉಜನಿ ಡ್ಯಾಮಿನಲ್ಲಿ ನಿಂತು, ನರಸಿಂಗಪುರದಲ್ಲಿ ನೀರಾ ನದಿಯನ್ನು ಕೂಡಿಸಿಕೊಂಡು, ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಂಡು, ಸೊಲ್ಲಾಪುರ ದಾಟಿ ಹತ್ತರಸಂಗ ಕೂಡಲದಲ್ಲಿ ಸೀನಾವನ್ನೂ ಸೇರಿಸಿಕೊಂಡು ನಮ್ಮ ಸೊನ್ನ ಬ್ಯಾರೇಜಿಗೆ, ಗಾಣಗಾಪುರಕ್ಕೆ ಬರುತ್ತಾಳೆ. ಒಟ್ಟು 861 ಕಿಲೋಮೀಟರ್ ಹರಿದು ಕೊನೆಗೆ ಕೃಷ್ಣೆಗೆ ಸೇರುತ್ತಾಳೆ. ಅಂದರೆ ಇಲ್ಲಿ ನಾವು ಪಾತ್ರೆ ತೊಳೆದ ನೀರು ಎಲ್ಲೋ ಒಂದು ದಿನ ಗಾಣಗಾಪುರದ ಸಂಗಮದಲ್ಲಿ ಭಕ್ತರ ತಲೆ ಮೇಲೆ ಬೀಳುತ್ತದೆ. ಸಭೆಯಲ್ಲಿ ನಗು ಬಂತು, ಆದರೆ ಪೂರ್ತಿ ನಗು ಅಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ದತ್ತಭಕ್ತರೊಬ್ಬರು ನಗಲೇ ಇಲ್ಲ.

2020ರ ಅಕ್ಟೋಬರ್. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರದ ಕಾಕಿನಾಡ ಹತ್ತಿರ ದಡ ಹತ್ತಿ, ಹೈದರಾಬಾದನ್ನು ಮುಳುಗಿಸಿ, ಕಲಬುರಗಿ, ಸೊಲ್ಲಾಪುರ ಮೇಲೆ ಹಾದು ಪುಣೆವರೆಗೂ ಬಂತು. ಇಲ್ಲಿ ಒಂದು ರಾತ್ರಿ ರಸ್ತೆ ಎಲ್ಲ ಹೊಳೆಯಾಗಿ, ಬೆಳಿಗ್ಗೆ ಎದ್ದು ನಾವು ಮಾಮೂಲಿನಂತೆ ಕೆಲಸಕ್ಕೆ ಹೋದೆವು. ಎರಡು-ಮೂರು ದಿನದ ಮೇಲೆ ಮಾವನ ಫೋನ್ ಬಂತು. "ಅಳಿಯಾ, ನಿಮ್ಮ ಪುಣಾದ ನೀರು ಬಂದಾವ ನೋಡಪ. ತೊಗರಿ ಕಾಣವಲ್ದು."

ತೊಗರಿ ಆಗ ಹೂವಿಗೆ ಬರುವ ಹೊತ್ತು. ಕಬ್ಬಾದರೆ ಒಂದಿಷ್ಟು ದಿನ ನೀರಲ್ಲಿ ನಿಂತು ತಡೆದುಕೊಳ್ಳುತ್ತದೆ, ತೊಗರಿ ತಡೆಯಲ್ಲ. ಬೇರಿಗೆ ಉಸಿರು ಕಟ್ಟಿ ಒಣಗಿಬಿಡುತ್ತದೆ. ಅದೂ ಎರೆ ಮಣ್ಣಲ್ಲಿ ಹೊಳೆ ಇಳಿದ ಮೇಲೂ ನೀರು ಹೊಲದಿಂದ ಹೋಗಲು ಒಪ್ಪಲ್ಲ.

ಮಾವ ಹೇಳಿದ್ದು ಅರ್ಧ ಸರಿ. ಆ ನೀರೆಲ್ಲ ಪುಣೆಯದಲ್ಲ. ಸೊಲ್ಲಾಪುರದ ಮೇಲೇ ಹುಚ್ಚು ಮಳೆ ಸುರಿದಿತ್ತು, ಸೀನಾ ಉಕ್ಕಿತ್ತು, ಅವರ ತಾಲೂಕಿನಲ್ಲೇ ಸುರಿದಿದ್ದೂ ಕಡಿಮೆ ಏನಲ್ಲ. ಆದರೆ ಮೇಲಿನಿಂದ ಬಂದ ನೀರನ್ನು ಹಿಡಿದಿಡಲು ಉಜನಿಯಲ್ಲಿ ಜಾಗ ಇರಲಿಲ್ಲ. ಯಾಕಂದರೆ ತಿಂಗಳು ಅಕ್ಟೋಬರ್. ಮಳೆಗಾಲ ಮುಗಿಯುವ ಹೊತ್ತಿಗೆ ಡ್ಯಾಮು ತುಂಬಿರಬೇಕು ಅನ್ನೋದೇ ಅದನ್ನು ನಡೆಸುವವರ ಗುರಿ. ತುಂಬಿದರೆ ಬಾಗಿನ, ಪೇಪರಿನಲ್ಲಿ ಫೋಟೋ. ಇದೇ ಮಳೆ ಜೂನ್‌ನಲ್ಲಿ ಬಂದಿದ್ದರೆ ಉಜನಿ ಬಹುಪಾಲು ನುಂಗಿಬಿಡುತ್ತಿತ್ತು, ಮಾವನಿಗೆ ಸುದ್ದಿಯೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಿಕೊಟ್ಟೆ. ಇದು ಗೊತ್ತಿದ್ದರೆ ಪ್ರವಾಹದ ಸುದ್ದಿ ಓದೋಕೆ ಬರುತ್ತದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಇವೆರಡನ್ನೂ ಜೋಡಿಸುವ ಕೊಂಡಿ 11,574. ಅಷ್ಟು ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಈಗ ನಮ್ಮ ಖಡಕ್‌ವಾಸಲಾ ತೆಗೆದುಕೊಳ್ಳಿ. ಅದರ ಹೊಟ್ಟೆ 1.97 ಟಿಎಂಸಿ, ಅಷ್ಟೇ. ಮೇಲಿರುವ ಪಾನಶೇತ್ 10.65, ವರಸಗಾಂವ್ 12.82, ಟೇಮಘರ್ 3.71. ನಾಲ್ಕು ಡ್ಯಾಮುಗಳಲ್ಲಿ ಎಲ್ಲಕ್ಕಿಂತ ಕೆಳಗಿರೋದು, ಊರಿಗೆ ಹತ್ತಿರ ಇರೋದು, ಎಲ್ಲಕ್ಕಿಂತ ಚಿಕ್ಕದು ಖಡಕ್‌ವಾಸಲಾ. ಪೂರ್ತಿ ಖಾಲಿ ಇದ್ದರೂ 40 ಸಾವಿರ ಕ್ಯೂಸೆಕ್ ಒಳಗೆ ಬರುತ್ತಿದ್ದರೆ ಹದಿನಾಲ್ಕು ಗಂಟೆಯೊಳಗೆ ತುಂಬಿ ಹೋಗುತ್ತದೆ. ಜುಲೈ ಕೊನೆಯಲ್ಲಿ ಅದು ಖಾಲಿ ಎಲ್ಲಿರುತ್ತದೆ? ಬಂದ ನೀರನ್ನು ಬಂದ ಹಾಗೇ ಕೆಳಗೆ ಬಿಡಬೇಕು. ನಾವು ಅದನ್ನು ಡ್ಯಾಮು ಅಂತ ನಂಬಿಕೊಂಡು ಮಲಗುತ್ತೇವೆ, ಪ್ರವಾಹದ ದಿನ ಅದೊಂದು ತಟ್ಟೆ.

2024ರ ಜುಲೈ 25ರ ಬೆಳಿಗ್ಗೆ ಅದನ್ನು ನಾನೇ ನೋಡಿದೆ. ರಾತ್ರಿಯೆಲ್ಲ ಮಳೆ. ಖಡಕ್‌ವಾಸಲಾದಿಂದ ಸುಮಾರು 35 ಸಾವಿರ ಕ್ಯೂಸೆಕ್ ಬಿಟ್ಟಿದ್ದರು, ಜೊತೆಗೆ ಡ್ಯಾಮಿನ ಕೆಳಗೆ ಬಿದ್ದ ಮಳೆಯೂ ಹಳ್ಳಗಳಿಂದ ಬಂದು ಸೇರಿಕೊಂಡಿತು. ಈ ಎರಡನೆಯದನ್ನು ಯಾರೂ ಎಣಿಸುವುದಿಲ್ಲ. ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ದೋಣಿ ಓಡಾಡಿದವು. ನಮ್ಮ ಸೊಸೈಟಿ ಅಲ್ಲಿಂದ ಸ್ವಲ್ಪ ಮೇಲೆ, ಆದರೂ ಪಾರ್ಕಿಂಗಿನಲ್ಲಿ ನನ್ನ ಸ್ಕೂಟರು ಹ್ಯಾಂಡಲ್‌ವರೆಗೆ ಮುಳುಗಿತ್ತು. ಎಚ್ಚರಿಕೆಯ ಮೆಸೇಜು ಬಂದಿದ್ದು ನಾನು ಸ್ಕೂಟರಿನ ಸೈಲೆನ್ಸರಿನಿಂದ ನೀರು ಸುರಿಸುತ್ತಿದ್ದಾಗ. ಮೂವತ್ತು ವರ್ಷ ಊರಿಗೆಲ್ಲ ಲೆವೆಲ್ ಹಿಡಿದವನು ಸ್ವಂತ ಪಾರ್ಕಿಂಗಿನ ಲೆವೆಲ್ ನೋಡದೆ ಫ್ಲ್ಯಾಟು ಕೊಂಡಿದ್ದೆ. ಇದನ್ನು ನನ್ನ ಹೆಂಡತಿ ಸಭೆಯಲ್ಲಿ ನನಗಿಂತ ಮೊದಲೇ ಹೇಳಿಬಿಟ್ಟಳು.

ಪುಣೆಯ ಹಳಬರು ಪ್ರವಾಹ ಅಂದರೆ ಇವತ್ತಿಗೂ 'ಪಾನಶೇತಚಾ ಪೂರ್' ಅನ್ನುತ್ತಾರೆ. 1961ರ ಜುಲೈ 12. ಇನ್ನೂ ಕೆಲಸ ಪೂರ್ತಿಯಾಗದ ಪಾನಶೇತ್ ಮಣ್ಣಿನ ಡ್ಯಾಮು ಒಡೆಯಿತು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸಲಾವೂ ಒಡೆಯಿತು, ಊರಿನ ನಡುಭಾಗ ಮುಳುಗಿತು. ಅದು ಡ್ಯಾಮು ಒಡೆದ ಕಥೆ, ಇವತ್ತಿನ ನಮ್ಮ ವಿಷಯ ಒಡೆಯದ ಡ್ಯಾಮು. ಅದನ್ನು ಅಲ್ಲಿಗೇ ಬಿಡೋಣ.

ಖಡಕ್‌ವಾಸಲಾ ಅಂದಕೂಡಲೇ ನಾವು ಕನ್ನಡಿಗರು ಎದೆ ಸೆಟೆಸುತ್ತೇವೆ, ಅಲ್ವಾ? ವಿಶ್ವೇಶ್ವರಯ್ಯನವರು ಓದಿದ್ದು ಇದೇ ಪುಣೆಯಲ್ಲಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1903ರಲ್ಲಿ ಅವರ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದು ಖಡಕ್‌ವಾಸಲಾದಲ್ಲೇ. ಗೋಡೆ ಎತ್ತರಿಸದೆ ಅದೇ ಡ್ಯಾಮಿನಲ್ಲಿ ಜಾಸ್ತಿ ನೀರು ನಿಲ್ಲಿಸೋದು, ಪ್ರವಾಹ ಬಂದಾಗ ತಾನಾಗಿ ತೆರೆದುಕೊಂಡು ನೀರನ್ನು ಬಿಟ್ಟುಬಿಡೋದು ಆ ಗೇಟಿನ ಕೆಲಸ. ಸರಿ. ಆದರೆ ಅದೇ ಮನುಷ್ಯ ಮುಂದೆ ಹೈದರಾಬಾದಿನಲ್ಲಿ ಮಾಡಿದ್ದನ್ನು ನೋಡಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹದಿನೈದು ಸಾವಿರದಷ್ಟು ಜನ ಸತ್ತರು ಅನ್ನೋದು ಅಂದಾಜು. ನಿಜಾಮರು ಇವರನ್ನು ಕರೆಸಿದರು. ಊರಿನಲ್ಲಿ ಗೋಡೆ ಕಟ್ಟಿ ಅಂತಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ, ಊರಿನ ಮೇಲ್ಗಡೆ ನೀರಿಗೆ ನಿಲ್ಲಲು ಜಾಗ ಮಾಡಿ ಅಂದರು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಆದವು. ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಆದರೆ ಅವುಗಳ ಮೊದಲ ಕೆಲಸ ಪ್ರವಾಹ ಬರುವಾಗ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡಿರೋದು.

ನನಗೆ ಇದು ತುಂಬ ಇಷ್ಟದ ಜೋಡಿ. ಒಬ್ಬನೇ ಎಂಜಿನಿಯರ್, ಒಂದು ಕಡೆ ಡ್ಯಾಮನ್ನು ಇನ್ನಷ್ಟು ತುಂಬಿಸುವ ಕೆಲಸ, ಇನ್ನೊಂದು ಕಡೆ ಖಾಲಿ ಜಾಗ ಕಾಯುವ ಕೆಲಸ. ನಾವು ಈಗ ಎರಡನ್ನೂ ಒಂದೇ ಡ್ಯಾಮಿಗೆ ಹೇಳುತ್ತೇವೆ. ಉಜನಿಯ ನೀರನ್ನು ನಂಬಿ ಕಬ್ಬು ಹಚ್ಚಿದ ರೈತನಿಗೆ ಅಕ್ಟೋಬರ್‌ನಲ್ಲಿ 'ಹತ್ತು ಟಿಎಂಸಿ ಖಾಲಿ ಇಟ್ಟುಕೊಳ್ಳುತ್ತೇವೆ, ಮಳೆ ಬಂದರೂ ಬರಬಹುದು' ಅಂದು ನೋಡಿ. ಮಳೆ ಬರದಿದ್ದರೆ ಆ ಅಧಿಕಾರಿಯ ಗತಿ? ಯಾರೂ ಆ ಸಹಿ ಹಾಕಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆನೋ ಇಲ್ಲವೋ. ಕಾಗದದ ಮೇಲೆ ಯಾವ ತಿಂಗಳು ಎಷ್ಟು ಮಟ್ಟ ಅಂತ ನಿಯಮ ಮಾಡಬಹುದು, ಮುನ್ಸೂಚನೆ ನೋಡಿ ಎರಡು ದಿನ ಮೊದಲೇ ಸ್ವಲ್ಪ ಸ್ವಲ್ಪ ಬಿಡಬಹುದು. ಬಿಡಬೇಕು ಕೂಡ. ಆದರೆ ಕೆಳಗಿನ ಊರಿನವರು ಡ್ಯಾಮನ್ನೇ ನಂಬಿಕೊಂಡು ಯೋಜನೆ ಮಾಡೋದು ಬೇರೆಯವರ ಜೇಬಿನ ದುಡ್ಡು ಎಣಿಸಿದ ಹಾಗೆ.

ಹಾಗಾದರೆ ಕೆಳಗಿನ ಊರು ಏನು ಮಾಡಬೇಕು? ಭೀಮಾ ದಂಡೆಯ ಒಂದು ಊರು ಅಂದುಕೊಳ್ಳಿ. ಹದಿನೈದು ಸಾವಿರ ಜನ, ಒಂದು ದೇವಸ್ಥಾನ, ಒಂದು ಸಂತೆ, ಸುತ್ತ ನಾಲ್ಕೈದು ಸಾವಿರ ಎಕರೆ ಹೊಲ. ಹೆಸರು ಬೇಡ.

ಮೊದಲ ಕೆಲಸ ನನ್ನಂಥವರದ್ದು. ಲೆವೆಲ್ ಹಿಡಿಯೋದು. ಹಳೇ ಪ್ರವಾಹದ ನೀರು ಯಾವ ಗೋಡೆವರೆಗೆ ಬಂದಿತ್ತು, ಯಾವ ಮೆಟ್ಟಿಲು ಮುಳುಗಿತ್ತು ಅಂತ ಮನೆಮನೆ ಕೇಳಿ ಗುರುತು ಹಾಕೋದು. ನನ್ನ ಅನುಭವ ಹೇಳುತ್ತೇನೆ, ಗಂಡಸರನ್ನು ಕೇಳಿದರೆ 'ಅಬ್ಬಬ್ಬಾ, ಆಳೆತ್ತರ' ಅನ್ನುತ್ತಾರೆ. ಹೆಂಗಸರನ್ನು ಕೇಳಿದರೆ 'ಒಲೆ ಕಟ್ಟೆ ಮುಳುಗಿತ್ತು, ಮೇಲಿನ ಗೂಡಿನ ಉಪ್ಪಿನ ಭರಣಿ ಉಳಿದಿತ್ತು' ಅನ್ನುತ್ತಾರೆ. ಒಲೆ ಕಟ್ಟೆಗೂ ಗೂಡಿಗೂ ನಡುವೆ ಒಂದೂವರೆ ಅಡಿ. ಅಷ್ಟು ಸಾಕು ನನಗೆ.

ಆಮೇಲೆ, ನೀರು ಬರೋದು ಎಲ್ಲಿಂದ ಅಂತ ನೋಡಬೇಕು. ಎಲ್ಲರೂ ಹೊಳೆ ಕಡೆ ಮುಖ ಮಾಡಿ ನಿಂತಿರುತ್ತಾರೆ, ನೀರು ಬೆನ್ನ ಹಿಂದಿನಿಂದ ಬರುತ್ತದೆ. ಪ್ರತಿ ಊರಿಗೂ ಒಂದು ಹಳ್ಳ ಇರುತ್ತದೆ, ಊರ ನೀರೆಲ್ಲ ಅದರಲ್ಲೇ ಹೊಳೆಗೆ ಹೋಗೋದು. ಹೊಳೆ ಏರಿದಾಗ ಆ ಹಳ್ಳದ ಬಾಯಿ ಮುಚ್ಚಿಹೋಗುತ್ತದೆ, ಹೊಳೆಯ ನೀರೇ ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಪುಣೆಯಲ್ಲಿ ಒಂದೇ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರಲ್ಲ, ಅವತ್ತು ಮನೆಗಳನ್ನು ಕೊಚ್ಚಿದ್ದು ಮುಠಾ ಅಲ್ಲ. ಕಾತ್ರಜ್ ಕಡೆಯಿಂದ ಇಳಿಯುವ ಆಂಬಿಲ್ ಓಢಾ. ಒಂದು ಹಳ್ಳ! ಹಾಗಾಗಿ ಊರಿನ ಯೋಜನೆಯಲ್ಲಿ ಮೊದಲ ರೂಪಾಯಿ ಹಳ್ಳಕ್ಕೆ ಹೋಗಬೇಕು. ಹಳ್ಳದ ಅಗಲ ಬಿಡಿಸಬೇಕು, ಹೊಳೆ ಸೇರುವ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಇಡಬೇಕು, ಬಾಗಿಲು ಮುಚ್ಚಿದ್ದಾಗ ಊರ ನೀರು ಎತ್ತಿಹಾಕಲು ಪಂಪು ಬೇಕು, ಕರೆಂಟು ಹೋದರೂ ನಡೆಯುವಂಥದ್ದು. ಪ್ರವಾಹದಲ್ಲಿ ಮೊದಲು ಹೋಗೋದೇ ಕರೆಂಟು.

ಈಗ ಗೋಡೆ. ಪ್ರವಾಹ ಅಂದಕೂಡಲೇ ಜನ ಕೇಳೋದು, ನಾಯಕರು ಕೊಡೋದು ಗೋಡೆಯನ್ನೇ. ಮನೆಗಳಿರುವ ಹಳೇ ಊರಿನ ಸುತ್ತ ಬಿಗಿಯಾದ ಒಡ್ಡು ಹಾಕಿ, ನನಗೆ ತಕರಾರಿಲ್ಲ. ಆದರೆ ಹೊಳೆಯ ಉದ್ದಕ್ಕೂ, ಎರಡೂ ದಂಡೆಗೆ, ಊರು-ಹೊಲ ಎಲ್ಲ ಸೇರಿಸಿ ಗೋಡೆ ಎಬ್ಬಿಸಿದರೆ ಏನಾಗುತ್ತದೆ? ಒಂದು ಮೈಲಿ ಅಗಲಕ್ಕೆ ಹರಡಿಕೊಳ್ಳುತ್ತಿದ್ದ ನೀರು ಕಾಲು ಮೈಲಿಯಲ್ಲಿ ಹೋಗಬೇಕು. ಅದು ಎತ್ತರ ಏರುತ್ತದೆ, ಜೋರು ಓಡುತ್ತದೆ, ಮುಂದಿನ ಊರಿಗೆ ಬೇಗ ಹೋಗಿ ಬಡಿಯುತ್ತದೆ. ಒಂದು ಕಡೆ ಮಾತ್ರ ಕಟ್ಟಿದರೆ ಎದುರು ದಂಡೆಯವರ ಹೊಲ ಹೋಗುತ್ತದೆ, ಮದುವೆ ಸಂಬಂಧಗಳೂ ಹೋಗುತ್ತವೆ. ಪುಣೆಯ ನದಿದಂಡೆ ಅಭಿವೃದ್ಧಿ ಯೋಜನೆಗೆ ಪರಿಸರದವರು ಎತ್ತಿರುವ ತಕರಾರೂ ಇದೇ, ನದಿಯ ಅಗಲ ಕಿತ್ತುಕೊಳ್ಳಬೇಡಿ ಅಂತ.

ಇಲ್ಲಿಗೆ ನಾನು ಹೇಳಬೇಕು ಅಂತ ಬಂದ ಮಾತಿಗೆ ಬಂದೆ. ಊರಿಗೆ ಗೋಡೆ ಹಾಕಿದಿರಿ. ಊರೊಳಗೆ ಬರಬೇಕಾದ ನೀರು ಎಲ್ಲಿಗೆ ಹೋಯಿತು? ಹೊಲಕ್ಕೆ. ಇದು ಎಲ್ಲರಿಗೂ ಗೊತ್ತು, ಯಾವ ಯೋಜನೆಯ ಕಾಗದದಲ್ಲೂ ಬರೆದಿರಲ್ಲ. ನಾನು ಹೇಳೋದು ಇಷ್ಟೇ. ಬರೆಯಿರಿ, ಯಾರ ಹೊಲ, ಸರ್ವೇ ನಂಬರ್ ಎಷ್ಟು, ಎಷ್ಟು ಅಡಿ ಅಂತ. ಬರೆದ ಮೇಲೆ ಅದಕ್ಕೆ ಬಾಡಿಗೆ ಕೊಡಿ.

ಲೆಕ್ಕ ಮಾಡಿ ತೋರಿಸುತ್ತೇನೆ. ನಾಲ್ಕು ಸಾವಿರ ಎಕರೆಯಲ್ಲಿ ಆರು ಅಡಿ ನೀರು ನಿಂತರೆ ಒಂದು ಟಿಎಂಸಿಗೂ ಸ್ವಲ್ಪ ಮೇಲೆ. ಅಂದರೆ ಖಡಕ್‌ವಾಸಲಾದ ಅರ್ಧ ಡ್ಯಾಮು. ಆ ಒಂದು ಊರಿನ ಹೊಲಗಳು ಸೇರಿ, ಸಿಮೆಂಟಿಲ್ಲದೆ, ಕಂಟ್ರಾಕ್ಟರ್ ಇಲ್ಲದೆ, ಅರ್ಧ ಖಡಕ್‌ವಾಸಲಾ. ನಮ್ಮ ಮಾವನ ಆರು ಎಕರೆಯಲ್ಲಿ ಆರು ಅಡಿ ಅಂದರೆ 4 ಕೋಟಿ 44 ಲಕ್ಷ ಲೀಟರ್. ಪುಣೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕಂದರೆ ಹತ್ತು ಸಾವಿರ ಲೀಟರಿನ ಟ್ಯಾಂಕರು 4,440. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಒಂದು ಟ್ಯಾಂಕರ್ ತರಿಸಲು ಎಷ್ಟು ಕೊಡುತ್ತೇವೆ ಅಂತ ನಿಮಗೇ ಗೊತ್ತು.

ಮಾವನಿಗೆ ಸಿಕ್ಕಿದ್ದೆಷ್ಟು? ಆಗಿನ ಕೇಂದ್ರದ ಮಾನದಂಡ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಆರು ಎಕರೆ ಎರಡು ಹೆಕ್ಟೇರಿಗಿಂತ ಜಾಸ್ತಿಯಾಗುತ್ತದೆ, ಮಿಕ್ಕಿದ್ದಕ್ಕೆ ಏನೂ ಇಲ್ಲ. ಅಲ್ಲಿಗೆ 13,600. ಒಂದು ಟ್ಯಾಂಕರ್ ನೀರನ್ನು ಹೊಲದಲ್ಲಿ ಇಟ್ಟುಕೊಂಡಿದ್ದಕ್ಕೆ 3 ರೂಪಾಯಿ. 2022ರಲ್ಲಿ ಈ ದರ 8,500ಕ್ಕೆ ಏರಿತು, ಅಂದರೆ ಟ್ಯಾಂಕರಿಗೆ ನಾಲ್ಕು ರೂಪಾಯಿಗೂ ಸ್ವಲ್ಪ ಕಡಿಮೆ. ರಾಜ್ಯ ಸರ್ಕಾರ ಮೇಲೆ ಒಂದಿಷ್ಟು ಹಾಕಿದರೆ ಅದು ಬೇರೆ. ಪಂಚನಾಮೆಗೆ ಅಲೆದದ್ದು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಅಂತ ಮೂರು ಸಲ ವಾಪಸು ಕಳಿಸಿದ್ದು ಲೆಕ್ಕದಲ್ಲಿಲ್ಲ.

ಪರಿಹಾರ ಅನ್ನೋ ಮಾತೇ ನನಗೆ ಸರಿಬರಲ್ಲ. ಪರಿಹಾರ ಅಂದರೆ ಕೈಚಾಚಿದವನಿಗೆ ಕೊಡೋದು. ಮಾವ ಕೆಳಗಿನ ಊರುಗಳಿಗೆ ಒಂದು ಕೆಲಸ ಮಾಡಿಕೊಟ್ಟಿದ್ದಾನೆ, ನೀರನ್ನು ನಾಲ್ಕು ದಿನ ತನ್ನ ಹೊಲದಲ್ಲಿ ಹಿಡಿದಿಟ್ಟಿದ್ದಾನೆ. ಗೋದಾಮಿಗೆ ಬಾಡಿಗೆ ಇದೆ, ಮೊಬೈಲ್ ಟವರಿಗೆ ಬಾಡಿಗೆ ಇದೆ, ಇದಕ್ಕೆ ಯಾಕಿಲ್ಲ? ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೊಡಿ, ನೀರು ಬಂದರೂ ಬರದಿದ್ದರೂ. ನೀರು ನಿಂತ ವರ್ಷ ಪೂರ್ತಿ ಬೆಳೆಯ ದುಡ್ಡು ಕೊಡಿ, ಅಳತೆ ಮೊದಲೇ ಆಗಿರುವುದರಿಂದ ಪಂಚನಾಮೆ ಬೇಕಿಲ್ಲ. ಹೊಲದಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ನೀರು ಎಲ್ಲಿಗೆ ಬಂತು ಅಂತ ನೋಡಿದರೆ ಮುಗಿಯಿತು.

ಒಬ್ಬರು ಎದ್ದು ಒಳ್ಳೆಯ ಪ್ರಶ್ನೆ ಕೇಳಿದರು. ಪ್ರವಾಹದ ಮೊದಲ ದಿನವೇ ಹೊಲ ತುಂಬಿಹೋದರೆ ಅದರಿಂದ ಏನು ಉಪಯೋಗ, ದೊಡ್ಡ ನೀರು ಬರೋದು ಎರಡನೇ ದಿನ ಅಲ್ಲವಾ? ನೂರಕ್ಕೆ ನೂರು ಸರಿ. ಮೊದಲೇ ತುಂಬಿದ ಹೊಲ ತುಂಬಿದ ಡ್ಯಾಮಿನಷ್ಟೇ ನಿರುಪಯೋಗಿ. ಅದಕ್ಕೇ ಹೊಲಕ್ಕೂ ಒಂದು ತಗ್ಗು ಒಡ್ಡು ಬೇಕು. ಪ್ರತಿ ಎರಡು-ಮೂರು ವರ್ಷಕ್ಕೆ ಬರುವ ಸಣ್ಣ ಪ್ರವಾಹವನ್ನು ಅದು ಹೊರಗೇ ನಿಲ್ಲಿಸುತ್ತದೆ, ಬೆಳೆ ಉಳಿಯುತ್ತದೆ. ಹೊಳೆ ಅದಕ್ಕಿಂತ ಮೇಲೆ ಬಂದಾಗ, ಒಂದು ಕಡೆ ಬೇಕೆಂದೇ ತಗ್ಗಿಸಿ ಕಲ್ಲು ಕಟ್ಟಿದ ಜಾಗದಿಂದ ನೀರು ಒಳಗೆ ಬರುತ್ತದೆ. ನಮ್ಮ ಕೆರೆಗಳಿಗೆ ಕೋಡಿ ಇರುತ್ತಲ್ಲ, ಹಾಗೇ. ಉಲ್ಟಾ ಕೋಡಿ ಅನ್ನಿ, ನೀರು ಹೊರಗೆ ಹೋಗೋ ಬದಲು ಒಳಗೆ ಬರೋದು. ಕೆಳಗಿನ ಮೂಲೆಯಲ್ಲಿ ಒಂದು ತೂಬು, ಹೊಳೆ ಇಳಿದ ಕೂಡಲೇ ನೀರು ಹೊರಗೆ. ಎರೆ ಭೂಮಿಯಲ್ಲಿ ಈ ತೂಬು ಇಲ್ಲದೆ ಒಡ್ಡು ಹಾಕಿದರೆ ಅದು ಹೊಲ ಅಲ್ಲ, ಕೆರೆ. ತೂಬಿದ್ದರೆ ತೊಗರಿ ಹೋದರೂ ಜೋಳಕ್ಕೆ ಹದ ಸಿಗುತ್ತದೆ. ಹೊಳೆ ಮೆಕ್ಕಲು ಬಿಟ್ಟುಹೋದ ವರ್ಷ ಜೋಳ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಆ ಕಡೆಯವರನ್ನು ಕೇಳಿ. ಎಲ್ಲ ಸಲ ಮೆಕ್ಕಲೇ ಬರಲ್ಲ ಅನ್ನೋದೂ ನಿಜ, ಕೆಲವು ಸಲ ಇದ್ದ ಮಣ್ಣನ್ನೂ ಕಿತ್ತುಕೊಂಡು ಹೋಗುತ್ತದೆ.

ಇದು ನನ್ನ ಹಗಲುಗನಸಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1995ರಲ್ಲಿ ನದಿಗಳು ಏರಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಗೋಡೆ ಕಟ್ಟೋದರಲ್ಲಿ ಅವರನ್ನು ಮೀರಿಸಿದವರಿಲ್ಲ, ಆದರೂ ಅವರು ಆಮೇಲೆ ಗೋಡೆಗಳನ್ನು ಹಿಂದಕ್ಕೆ ಸರಿಸತೊಡಗಿದರು. ಓವರ್‌ಡೀಪ್ಸೆ ಅನ್ನುವ ಒಂದು ಕಡೆ ರೈತರೇ ಮುಂದೆ ಬಂದು, 'ನಮ್ಮ ಹೊಲಕ್ಕೆ ನೀರು ಬಿಡಿ, ಮನೆ-ಕೊಟ್ಟಿಗೆಗೆ ಎತ್ತರದ ಮಣ್ಣಿನ ದಿಬ್ಬ ಮಾಡಿಕೊಡಿ' ಅಂದರು. ಹಾಗೇ ಆಯಿತು. ಎಲ್ಲರೂ ಉಳಿಯಲಿಲ್ಲ, ಕೆಲವು ಕುಟುಂಬ ದುಡ್ಡು ತೆಗೆದುಕೊಂಡು ಬೇರೆ ಕಡೆ ಹೋದವು. ನಮ್ಮಲ್ಲಿ ಹೊಲದ ಅಳತೆ ಚಿಕ್ಕದು, ಪಹಣಿಯಲ್ಲಿ ಹನ್ನೆರಡು ಹೆಸರು ಇರುತ್ತವೆ. ಕಷ್ಟ ಜಾಸ್ತಿ, ಒಪ್ಪುತ್ತೇನೆ.

ಮಹಾರಾಷ್ಟ್ರದಲ್ಲಿ ನಕ್ಷೆಯ ಮೇಲೆ ಎರಡು ಗೆರೆ ಎಳೆಯುತ್ತಾರೆ, ನೀಲಿ ಗೆರೆ, ಕೆಂಪು ಗೆರೆ. ನೀಲಿ ಅಂದರೆ 25 ವರ್ಷಕ್ಕೊಮ್ಮೆ ಬರುವ ಪ್ರವಾಹ, ಕೆಂಪು ಅಂದರೆ ನೂರು ವರ್ಷಕ್ಕೊಮ್ಮೆಯದು. ಫ್ಲ್ಯಾಟು ಕೊಳ್ಳುವವರು ಇದನ್ನು ತಪ್ಪು ಓದುತ್ತಾರೆ. 'ಐದು ವರ್ಷದ ಹಿಂದೆ ಬಂದಿತ್ತು, ಇನ್ನು ಇಪ್ಪತ್ತು ವರ್ಷ ನಿಶ್ಚಿಂತೆ' ಅಂತ. ಹಾಗಲ್ಲ. ಅದು ಪ್ರತಿ ವರ್ಷ ನೂರರಲ್ಲಿ ನಾಲ್ಕು ಪಾಲು ಅವಕಾಶ ಅಂತ. ನೀಲಿ ಗೆರೆಯ ಮೇಲೆ 25 ವರ್ಷ ವಾಸ ಮಾಡಿದರೆ ಒಮ್ಮೆಯಾದರೂ ನೀರು ಮನೆಗೆ ಬರುವ ಅವಕಾಶ ನೂರಕ್ಕೆ 64. ನೂರು ವರ್ಷದ ಗೆರೆಯ ಮೇಲೂ, 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ, ನೂರಕ್ಕೆ 26. ಅದೂ ಹಳೇ ಮಳೆಯ ಲೆಕ್ಕ.

ಮಿಕ್ಕ ಪ್ರಶ್ನೆಗಳು ಬೇಗ ಬೇಗ. ಹೂಳೆತ್ತಿದರೆ ಆಗಲ್ವಾ? ಭೀಮೆಯಲ್ಲಿ ಮರಳು ಎತ್ತಿದಷ್ಟು ಇನ್ನೆಲ್ಲಿ ಎತ್ತಿದ್ದಾರೆ, ಪ್ರವಾಹ ನಿಂತಿತಾ? ಆಲಮಟ್ಟಿಯಿಂದ ಸಾಂಗ್ಲಿ ಮುಳುಗಿತಾ? ಪುಣೆಯಲ್ಲಿ ಕನ್ನಡಿಗನಾಗಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. 2019ರ ಪ್ರವಾಹದ ಮೇಲೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿ ಹಿನ್ನೀರೇ ಕಾರಣ ಅನ್ನೋದನ್ನು ಒಪ್ಪಲಿಲ್ಲ. ಜಗಳ ಮಾತ್ರ ನಡೆದೇ ಇದೆ.

ಒಂದು ವಿಷಯ ಮಾತ್ರ ನಿಂತು ಹೇಳಬೇಕು, ಯಾಕಂದರೆ ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಭೀಮೆಗೆ ಅಡ್ಡಲಾಗಿ ಕೊಲ್ಹಾಪುರ ಮಾದರಿ ಬಂಧಾರಗಳಿವೆ, ಅಂದರೆ ಕಂಬಗಳ ನಡುವೆ ಹಲಗೆ ಇಟ್ಟು ನೀರು ನಿಲ್ಲಿಸುವ ಗಿಡ್ಡ ಅಡ್ಡಗಟ್ಟೆಗಳು. ಮಳೆಗಾಲಕ್ಕೆ ಮುಂಚೆ ಅವುಗಳ ಹಲಗೆ ತೆಗೆಯುತ್ತಾರೆ, ಹಿಂಗಾರಿಗೆ ನೀರು ನಿಲ್ಲಿಸಲು ಅಕ್ಟೋಬರ್ ಹೊತ್ತಿಗೆ ಮತ್ತೆ ಹಾಕುತ್ತಾರೆ. ಹಲಗೆ ಹಾಕಿದ ಮೇಲೆ ಪ್ರವಾಹ ಬಂದರೆ ಅವಸರದಲ್ಲಿ ತೆಗೆಯಲು ಆಗಲ್ಲ. ನೀರಿನ ಒತ್ತಡಕ್ಕೆ ಹಲಗೆ ಕಚ್ಚಿಕೊಂಡಿರುತ್ತದೆ, ಹೊಳೆ ಬಂಧಾರವನ್ನು ಬಿಟ್ಟು ಪಕ್ಕದ ದಂಡೆಯನ್ನೇ ಕೊರೆದು ದಾರಿ ಮಾಡಿಕೊಳ್ಳುತ್ತದೆ. ಆ ಪಕ್ಕದ ದಂಡೆ ಯಾರದ್ದೋ ಹೊಲ. ಹಲಗೆ ಹಾಕುವ ದಿನವನ್ನು ಕ್ಯಾಲೆಂಡರ್ ನೋಡಿ ಅಲ್ಲ, ಕೊಲ್ಲಿಯಲ್ಲಿ ಮೋಡ ನೋಡಿ ನಿಶ್ಚಯಿಸಬೇಕು.

ಮುನ್ನೆಚ್ಚರಿಕೆಯೂ ಹಾಗೇ. ಹೊಳೆಯ ಪ್ರವಾಹ ಸುಮಾರಾಗಿ ಮನುಷ್ಯ ನಡೆಯುವ ವೇಗದಲ್ಲಿ ಬರುತ್ತದೆ. ಉಜನಿಯಿಂದ ಬಿಟ್ಟ ನೀರು ಅಫಜಲಪುರದ ಕಡೆ ಮುಟ್ಟಲು ಗಂಟೆಗಳಲ್ಲ, ಒಂದೂವರೆ-ಎರಡು ದಿನ ಹಿಡಿಯುತ್ತದೆ. ಪುಣೆಯ ಹಾಗೆ ಅಲ್ಲಿ ಮಧ್ಯರಾತ್ರಿ ಏಳಬೇಕಿಲ್ಲ. ಎರಡು ದಿನ ಇದೆ, ಆದರೆ ಸುದ್ದಿ ಹೋಗೋದು ಸೊಲ್ಲಾಪುರದಲ್ಲಿ ಮರಾಠಿಯಲ್ಲಿ, ಕ್ಯೂಸೆಕ್ ಲೆಕ್ಕದಲ್ಲಿ. ಮಾವನಿಗೆ ಬೇಕಾದ್ದು ಕ್ಯೂಸೆಕ್ ಅಲ್ಲ, ನೀರು ಹನುಮಪ್ಪನ ಗುಡಿ ಕಟ್ಟೆ ಮುಟ್ಟುತ್ತದಾ ಇಲ್ಲವಾ ಅನ್ನೋದು. ಇಷ್ಟು ಲಕ್ಷ ಕ್ಯೂಸೆಕ್ ಅಂದರೆ ಇಂಥ ಕಟ್ಟೆ, ಇಂಥ ಮೆಟ್ಟಿಲು ಅಂತ ಊರೂರಿಗೆ ಒಂದು ಪಟ್ಟಿ ಮಾಡಿ ಪಂಚಾಯಿತಿ ಗೋಡೆಗೆ ಬರೆಸಬೇಕು. ಒಬ್ಬ ಸರ್ವೇಯರ್, ಒಬ್ಬ ಹುಡುಗ, ಒಂದು ವಾರದ ಕೆಲಸ. ಒಲೆ ಕಟ್ಟೆ ಲೆಕ್ಕ ಇಲ್ಲೇ ಕೆಲಸಕ್ಕೆ ಬರೋದು.

ಸಭೆ ಮುಗಿಸಿ ಮನೆಗೆ ಬಂದ ರಾತ್ರಿ ಮಾವನಿಗೆ ಫೋನ್ ಮಾಡಿ ಬಾಡಿಗೆಯ ವಿಷಯ ಎಲ್ಲ ಹೇಳಿದೆ. ಜನ ಚಪ್ಪಾಳೆ ತಟ್ಟಿದರು ಅಂತಲೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಹೌದಪಾ, ಬಾಡಿಗಿ ತೊಗರಿ ಲೆಕ್ಕದಾಗ ಕೊಡ್ತಾರೋ, ಜೋಳದ ಲೆಕ್ಕದಾಗೋ?" ಅಂದ.

ಎರಡಕ್ಕೂ ರೇಟಿನಲ್ಲಿ ತುಂಬಾ ವ್ಯತ್ಯಾಸ ಇದೆ. ತೊಗರಿ ಲೆಕ್ಕ ಅಂದರೆ ನಾಳೆ ದಂಡೆಯವರೆಲ್ಲ ಪಹಣಿಯಲ್ಲಿ ತೊಗರಿಯನ್ನೇ ಬರೆಸುತ್ತಾರೆ. ಜೋಳ ಅಂದರೆ ಮಾವನೇ ಒಪ್ಪಲ್ಲ. ಕಬ್ಬು ಹಾಕಿದ ಪಕ್ಕದ ಹೊಲದವನದ್ದು ಮತ್ತೊಂದು ತಕರಾರು. "ನೋಡಿ ಹೇಳ್ತೀನಿ ಮಾವ" ಅಂದೆ. ಇನ್ನೂ ಹೇಳಿಲ್ಲ.